ನೆರೆಯ ಮಾತು ಕೇಳುವ ವಂಶವಾಹಿ

ನಾಚ್ ಎಂಬ ವಂಶವಾಹಿಗೆ ಆ ಹೆಸರು ಬಂದದ್ದು ಒಂದು ನೊಣದ ರೆಕ್ಕೆಯಿಂದ. ಕಳಿತ ಬಾಳೆಹಣ್ಣಿಗೆ ಮುತ್ತುವ, ಎಳ್ಳುಕಾಳಿನಷ್ಟೇ ದೊಡ್ಡದಾದ ಹಣ್ಣುನೊಣದ ರೆಕ್ಕೆಯಂಚು ಎಲ್ಲೂ ಮುಕ್ಕಿಲ್ಲದೆ ದುಂಡಗಿರುತ್ತದೆ. 1914ರಲ್ಲಿ ಅಮೆರಿಕದ ಜಾನ್ ಡೆಕ್ಸ್‌ಟರ್ ಕೆಲವು ನೊಣಗಳ ರೆಕ್ಕೆಯಂಚಿನಲ್ಲಿ ಚೂರು ಹಾರಿಹೋದಂಥ ಕಚ್ಚುಗಳನ್ನು ಗಮನಿಸಿದರು. ಗುರುತಿಗೆಂದು ಕುರಿಯ ಕಿವಿಗೆ ಕುರುಬರು ಹಾಕುವ ಕಚ್ಚಿನಂತೆ ಕಾಣುವ ಈ ಮುಕ್ಕಿಗೆ ಇಂಗ್ಲಿಷಿನಲ್ಲಿ ನಾಚ್ ಎನ್ನುತ್ತಾರೆ. ಮೂರು ವರ್ಷಗಳ ತರುವಾಯ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹಾಲಿನ ಬಾಟಲಿಗಳಲ್ಲಿ ನೊಣ ಸಾಕುತ್ತಿದ್ದ ಥಾಮಸ್ ಹಂಟ್ ಮಾರ್ಗನ್ ಈ ಕಚ್ಚಿನ ಹಿಂದಿರುವ ವಂಶವಾಹಿಯ ಬೇರೆಬೇರೆ ರೂಪಗಳನ್ನು ಗುರುತಿಸಿದರು. ಅದು ಎಕ್ಸ್ ವರ್ಣತಂತುವಿನ ಮೇಲಿತ್ತು.

ಕಚ್ಚು ಕಾಣುತ್ತಿದ್ದುದು ಹೆಣ್ಣು ನೊಣಗಳಲ್ಲಿ ಮಾತ್ರ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಅರ್ಧ ಕೆಲಸ ನಡೆಸುತ್ತದೆ, ರೆಕ್ಕೆ ಮುಕ್ಕಾಗುವುದರಲ್ಲಿ ಮುಗಿಯುತ್ತದೆ. ಗಂಡಿಗಿರುವುದು ಒಂದೇ ಎಕ್ಸ್. ಅದರಲ್ಲಿನ ನಾಚ್ ಕೆಟ್ಟರೆ ಗಂಡು ನೊಣ ಮೊಟ್ಟೆಯೊಳಗೇ ಸಾಯುತ್ತದೆ. ರೆಕ್ಕೆಯ ಅಂಚು ಹೊಲಿಯುವ ಒಂದು ಸಣ್ಣ ವಂಶವಾಹಿ ಇಲ್ಲದಿದ್ದರೆ ಪ್ರಾಣಿಯೇ ಸಾಯಬೇಕೇಕೆ? ಪ್ರಶ್ನೆ ಇಪ್ಪತ್ತು ವರ್ಷ ಹಾಗೇ ಉಳಿಯಿತು. 1930ರ ದಶಕದ ಕೊನೆಯಲ್ಲಿ ಡೊನಾಲ್ಡ್ ಪೌಲ್ಸನ್ ಸಾಯುವ ಭ್ರೂಣಗಳನ್ನೇ ಸೀಳಿ ನೋಡತೊಡಗಿದರು. ನಾಚ್ ಇಲ್ಲದ ಭ್ರೂಣದಲ್ಲಿ ಚರ್ಮವಾಗಬೇಕಿದ್ದ ಜೀವಕೋಶಗಳೂ ನರಕೋಶಗಳಾಗಿಬಿಟ್ಟಿದ್ದವು. ನರಮಂಡಲ ಮಿತಿಮೀರಿ ಉಬ್ಬಿತ್ತು, ಅದನ್ನು ಹೊದಿಸಲು ಚರ್ಮವೇ ಇರಲಿಲ್ಲ. ಯಾವ ಜೀವಕೋಶ ಏನಾಗಬೇಕು, ಏನಾಗಬಾರದು ಎಂಬ ತೀರ್ಮಾನದಲ್ಲಿ ನಾಚ್‌ಗೆ ಕೈ ಇದೆ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಆದರೆ ಹೇಗೆ ಎಂದು ತಿಳಿಯಲು ಡಿಎನ್ಎ ಓದುವ ವಿದ್ಯೆ ಬರಬೇಕಾಯಿತು. 1980ರ ದಶಕದ ನಡುವೆ ಸ್ಪೈರೋಸ್ ಆರ್ಟವಾನಿಸ್-ತ್ಸಾಕೋನಾಸ್ ಅವರ ತಂಡ ಮತ್ತು ಮೈಕೆಲ್ ಯಂಗ್ ಅವರ ತಂಡ ಬೇರೆಬೇರೆಯಾಗಿ ನಾಚ್‌ನ ಅಕ್ಷರಮಾಲೆಯನ್ನು ಓದಿದವು. (ಇದೇ ಯಂಗ್ 2017ರಲ್ಲಿ ನೊಬೆಲ್ ಪಡೆದದ್ದು ನೊಣದ ದೇಹದೊಳಗಿನ ಹಗಲಿರುಳಿನ ಗಡಿಯಾರದ ಸಂಶೋಧನೆಗೆ, ನಾಚ್‌ಗೆ ನೊಬೆಲ್ ಇದುವರೆಗೆ ಬಂದಿಲ್ಲ.) ಈ ವಂಶವಾಹಿ ತಯಾರಿಸುವುದು ಸುಮಾರು 2,700 ಅಮೈನೋ ಆಮ್ಲಗಳ ಉದ್ದನೆಯ ಪ್ರೋಟೀನನ್ನು. ಅದು ಜೀವಕೋಶದ ಪೊರೆಯಲ್ಲಿ ನಾಟಿಕೊಂಡು ಸ್ವಲ್ಪ ಹೊರಗೆ, ಸ್ವಲ್ಪ ಒಳಗೆ ಚಾಚಿರುತ್ತದೆ. ಹೊರಗಿನ ತುದಿಯಲ್ಲಿ ಒಂದೇ ಮಾದರಿಯ 36 ಮಡಿಕೆಗಳು ಸರಪಳಿಯಂತೆ ಸಾಲಾಗಿವೆ.

ಅದನ್ನು ಮುಟ್ಟಿ ಎಬ್ಬಿಸುವ ಡೆಲ್ಟಾ, ಸೆರೇಟ್ ಎಂಬ ಪ್ರೋಟೀನುಗಳೂ ಪಕ್ಕದ ಜೀವಕೋಶದ ಪೊರೆಗೇ ಅಂಟಿಕೊಂಡಿರುತ್ತವೆ. ಹಾರ್ಮೋನಿನಂತೆ ರಕ್ತದಲ್ಲಿ ತೇಲಿ ಬರುವ ಸಂದೇಶ ಇದಲ್ಲ. ರೋಣ, ಗಜೇಂದ್ರಗಡದ ಸೀಮೆಯಲ್ಲಿ, ಭೀಮಾಂಬಿಕೆಯ ಇಟಗಿಯಂಥ ಊರುಗಳಲ್ಲಿ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡು ನಿಂತಿರುವುದುಂಟು. ಈಚೆ ಮನೆಯ ಮಾತು ಆಚೆ ಮನೆಗೆ ಗೋಡೆಯಿಂದಲೇ ಕೇಳುತ್ತದೆ, ಮೂರನೆಯ ಮನೆಗೆ ಮುಟ್ಟುವುದಿಲ್ಲ. ನಾಚ್‌ನ ಮಾತುಕತೆಯೂ ಅಷ್ಟೇ ಹತ್ತಿರದ್ದು. ನೆರೆಯ ಡೆಲ್ಟಾ ಬಂದು ಹಿಡಿದೆಳೆದಾಗ ನಾಚ್‌ನ ಹೊರಭಾಗ ಕಳಚುತ್ತದೆ. ಆಮೇಲೆ ಗ್ಯಾಮಾ ಸೆಕ್ರಿಟೇಸ್ ಎಂಬ ಕತ್ತರಿ ಪೊರೆಯೊಳಗೇ ಅದನ್ನು ತುಂಡರಿಸುತ್ತದೆ. ಬಿಡುಗಡೆಯಾದ ಒಳತುಂಡು ನೇರವಾಗಿ ಕೋಶಕೇಂದ್ರಕ್ಕೆ ಹೋಗಿ ಅಲ್ಲಿನ ಬೇರೆ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಸುದ್ದಿ ಒಯ್ಯಲು ಬೇರೆ ಆಳಿಲ್ಲ. ಕೇಳಿಸಿಕೊಂಡ ಕಿವಿಯೇ ಕಡಿದುಕೊಂಡು ಒಳಮನೆಗೆ ಓಡಿದ ಹಾಗೆ. ಹೀಗಾಗಿ ಒಂದು ನಾಚ್ ಪ್ರೋಟೀನು ಒಮ್ಮೆ ಮಾತ್ರ ಕೇಳಬಲ್ಲದು.

ಪೌಲ್ಸನ್ ಕಂಡ ಭ್ರೂಣದ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಒಂದು ಗುಂಪಿನ ಜೀವಕೋಶಗಳಿಗೆಲ್ಲ ನರಕೋಶವಾಗುವ ಯೋಗ್ಯತೆ ಇರುತ್ತದೆ. ಅವುಗಳಲ್ಲಿ ತುಸು ಮುಂದೆ ಹೋದದ್ದು ತನ್ನ ಡೆಲ್ಟಾದಿಂದ ಸುತ್ತಲಿನವಕ್ಕೆ 'ನೀವು ಬೇಡ' ಎಂದು ಹೇಳುತ್ತದೆ. ಹೇಳಿಸಿಕೊಂಡವು ನಾಚ್ ಮೂಲಕ ಕೇಳಿ ಚರ್ಮವಾಗುತ್ತವೆ. ಎರೆಹೊಲದಲ್ಲಿ ಒತ್ತಾಗಿ ಹುಟ್ಟಿದ ಜೋಳದ ಸಸಿಗಳಲ್ಲಿ ಒಂದನ್ನು ಬಿಟ್ಟು ಬಗಲಿನವನ್ನು ತೆಗೆಯುವ ಕೆಲಸಕ್ಕೆ ಇದು ಹತ್ತಿರ, ಇಲ್ಲಿ ಬಗಲಿನವು ಸಾಯದೆ ಬೇರೆ ಕೆಲಸಕ್ಕೆ ಹೊಂದಿಕೊಳ್ಳುತ್ತವೆ ಎಂಬುದಷ್ಟೇ ವ್ಯತ್ಯಾಸ. ರೆಕ್ಕೆಯ ಕಚ್ಚಿನ ಕಾರಣವೂ ಹೀಗೆಯೇ ತಿಳಿಯಿತು. ರೆಕ್ಕೆಯ ಮೇಲ್ಪದರ ಮತ್ತು ಕೆಳಪದರಗಳ ಜೀವಕೋಶಗಳು ಕೂಡುವ ಗೆರೆಯಲ್ಲಿ ನಾಚ್ ಎಚ್ಚರಗೊಂಡರೆ ಅಲ್ಲಿಂದ ಅಂಚು ಹುಟ್ಟುತ್ತದೆ, ರೆಕ್ಕೆ ಬೆಳೆಯುತ್ತದೆ. ಅರ್ಧ ಪ್ರಮಾಣದ ನಾಚ್ ಇದ್ದರೆ ಗೆರೆಯ ಕೆಲವು ಕಡೆ ಆ ಮಾತು ಸಾಲದೆ ಹೋಗುತ್ತದೆ. ಬೇರೆ ಎಷ್ಟೋ ವಂಶವಾಹಿಗಳಲ್ಲಿ ಒಂದು ಪ್ರತಿ ಕೆಟ್ಟರೂ ಏನೂ ಆಗುವುದಿಲ್ಲ. ನಾಚ್‌ನಲ್ಲಿ ಪ್ರಮಾಣಕ್ಕೆ ಬೆಲೆಯುಂಟು ಎಂಬ ಸುಳಿವು ಮೊದಲ ನೊಣದ ರೆಕ್ಕೆಯಲ್ಲೇ ಇತ್ತು. ಕ್ಯಾನ್ಸರಿನ ಜಗಳದಲ್ಲಿ ಅದು ಮತ್ತೆ ನೆನಪಾಗುವ ಹೊತ್ತಿಗೆ ತೊಂಬತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು.

ಕರ್ನಾಟಕದಲ್ಲಿ ಹಣ್ಣುನೊಣ ಸಾಕುವ ಪರಂಪರೆ ಬೆಂಗಳೂರಿಗಿಂತ ಮೊದಲು ಮೈಸೂರಿನದು. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ ದಕ್ಷಿಣ ಭಾರತದ ಕಾಡು ತೋಟಗಳಿಂದ ನೊಣಗಳನ್ನು ಹಿಡಿದು ತಂದು ತಳಿಗಳನ್ನು ಬೆಳೆಸಿತು, ಹೊಸ ಪ್ರಭೇದಗಳನ್ನು ವಿವರಿಸಿತು. ಅಲ್ಲಿನ ಡ್ರೊಸೋಫಿಲಾ ತಳಿಭಂಡಾರ ಇತರ ಪ್ರಯೋಗಾಲಯಗಳಿಗೂ ನೊಣ ಒದಗಿಸುತ್ತದೆ. ಬೆಂಗಳೂರಿನ ಕಥೆ ಶುರುವಾಗುವುದು ಒಬೈದ್ ಸಿದ್ದಿಕಿ ಅವರಿಂದ. ಅಮೆರಿಕದ ವಿಜ್ಞಾನಿ ಸೇಮೂರ್ ಬೆಂಜರ್ ಜೊತೆ ಕೆಲಸ ಮಾಡಿ, ಬಿಸಿ ಏರಿದಾಗ ಪಾರ್ಶ್ವವಾಯು ಬಡಿದಂತೆ ಬೀಳುವ ನೊಣಗಳನ್ನು ಅಧ್ಯಯನ ಮಾಡಿದ್ದ ಸಿದ್ದಿಕಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ 1990ರ ದಶಕದ ಮೊದಲಿಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವನ್ನು ಕಟ್ಟಿದರು. ಎನ್‌ಸಿಬಿಎಸ್ ಎಂದೇ ಎಲ್ಲರೂ ಕರೆಯುವ ಈ ಕೇಂದ್ರ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದ್ದು, ಆಮೇಲೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ ಹೋಯಿತು.

ಧಾರವಾಡ ಸೀಮೆಯ ನಂಟೂ ಈ ನೊಣವಿದ್ಯೆಗೆ ಇದೆ. ಧಾರವಾಡದಲ್ಲಿ ಕೃಷಿ ವಿಜ್ಞಾನ ಓದಿ ಕೇಂಬ್ರಿಡ್ಜಿನಲ್ಲಿ ಪಿಎಚ್‌ಡಿ ಮಾಡಿದ ಎಲ್.ಎಸ್. ಶಶಿಧರ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಎತ್ತಿಕೊಂಡ ಪ್ರಶ್ನೆ ಬೆಳವಣಿಗೆಯ ಅಳತೆಗೆ ಸಂಬಂಧಿಸಿದ್ದು. ನೊಣಕ್ಕೆ ಎರಡನೆಯ ಜೋಡಿ ರೆಕ್ಕೆ ಇರಬೇಕಾದ ಜಾಗದಲ್ಲಿ ಹಾರಾಟದ ಸಮತೋಲ ಕಾಯುವ ಎರಡು ಪುಟ್ಟ ಗುಂಡುಗಳಿರುತ್ತವೆ. ರೆಕ್ಕೆಯಾಗಬಹುದಾದ್ದನ್ನು ಗುಂಡಿನಷ್ಟಕ್ಕೇ ನಿಲ್ಲಿಸುವುದು ಅಲ್ಟ್ರಾಬೈಥೊರ್ಯಾಕ್ಸ್ ಎಂಬ ವಂಶವಾಹಿ. ಅದು ಈ ಕೆಲಸ ಸಾಧಿಸುವ ಒಂದು ಬಗೆ, ರೆಕ್ಕೆಯ ಮೇಲೆ-ಕೆಳಗಿನ ಪದರಗಳ ಗಡಿಯಿಂದ ಹೊರಡುವ ಬೆಳವಣಿಗೆಯ ಸಂದೇಶಗಳನ್ನು ಅಡಗಿಸುವುದು ಎಂದು ಅವರ ತಂಡ 1999ರಲ್ಲಿ ತೋರಿಸಿತು. ನಾಚ್ ಎಚ್ಚರವಾಗಿರುವ ಗಡಿಯೇ ಅದು. ಎನ್‌ಸಿಬಿಎಸ್‌ನಲ್ಲಿ ಕೆ. ವಿಜಯರಾಘವನ್ ಅವರ ತಂಡ 2014ರಲ್ಲಿ ನೊಣದ ಹಾರಾಟದ ಸ್ನಾಯುಗಳನ್ನು ಹುಟ್ಟಿಸುವ ಆಕರಕೋಶಗಳನ್ನು ಗುರುತಿಸಿದಾಗಲೂ, ಅವು ಹೇಗೆ ಒಡೆದು ಹೆಚ್ಚಬೇಕೆಂದು ನಿರ್ಧರಿಸುವ ಸಂದೇಶಗಳಲ್ಲಿ ನಾಚ್ ಸಿಕ್ಕಿತು.

ಮನುಷ್ಯನಲ್ಲಿ ನಾಚ್ ಒಂದಲ್ಲ, ನಾಲ್ಕು. ಮೂರನೆಯದರಲ್ಲಿನ ದೋಷದಿಂದ ಮೆದುಳಿನ ಸಣ್ಣ ರಕ್ತನಾಳಗಳು ಕೆಟ್ಟು ನಡುವಯಸ್ಸಿನಲ್ಲೇ ಪಾರ್ಶ್ವವಾಯು ತರುವ ಆನುವಂಶಿಕ ರೋಗ ಬರುತ್ತದೆಂದು 1996ರಲ್ಲಿ ತಿಳಿಯಿತು. ಸೆರೇಟ್‌ಗೆ ಸಮನಾದ ಮನುಷ್ಯರ ಪ್ರೋಟೀನಿನಲ್ಲಿ ದೋಷವಿದ್ದರೆ ಪಿತ್ತನಾಳ, ಹೃದಯಗಳು ಸರಿಯಾಗಿ ರೂಪುಗೊಳ್ಳುವುದಿಲ್ಲವೆಂದು ಮರುವರ್ಷ ಗೊತ್ತಾಯಿತು. ಆದರೆ ಮನುಷ್ಯರ ನಾಚ್ ಮೊದಲು ಕೈಗೆ ಸಿಕ್ಕಿದ್ದು ಕ್ಯಾನ್ಸರಿನಲ್ಲಿ. 1991ರಲ್ಲಿ ಅಮೆರಿಕದ ಸಂಶೋಧಕರು ಟಿ ಕೋಶಗಳ ರಕ್ತಕ್ಯಾನ್ಸರಿನ ಕೆಲವು ರೋಗಿಗಳಲ್ಲಿ 7 ಮತ್ತು 9ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾದುದನ್ನು ಬೆನ್ನುಹತ್ತಿ ಹೋದರು. ಕತ್ತರಿಸಿದ ಜಾಗದಲ್ಲಿ ನೊಣದ ನಾಚ್‌ನ ಮನುಷ್ಯರೂಪ ಇತ್ತು. ಹೊರಭಾಗ ಕಳೆದುಕೊಂಡು, ನೆರೆಯವರು ಯಾರೂ ಹೇಳದಿದ್ದರೂ ಸದಾ ಎಚ್ಚರವಾಗಿರುವ ತುಂಡು ಅದು. ಈ ಅದಲುಬದಲು ತೀರ ಅಪರೂಪದ್ದಾದ್ದರಿಂದ ಬಹಳ ಜನ ಅದನ್ನು ಕುತೂಹಲದ ಸಂಗತಿಯೆಂದು ಬದಿಗಿಟ್ಟರು. 2004ರಲ್ಲಿ ಆ ಬಗೆಯ ರಕ್ತಕ್ಯಾನ್ಸರಿನ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ನಾಚ್1 ಬೇರೆ ರೀತಿಯ ತಿದ್ದುಪಾಟಿನಿಂದ ಮಿತಿಮೀರಿ ಎಚ್ಚರಗೊಂಡಿದೆ ಎಂದು ಜಾನ್ ಆಸ್ಟರ್ ಮತ್ತವರ ಸಂಗಡಿಗರು ತೋರಿಸಿದ ಮೇಲೆ ಆ ಉದಾಸೀನ ಉಳಿಯಲಿಲ್ಲ.

1991 ಮತ್ತು 2004ರ ನಡುವೆ ಬೆಂಗಳೂರಿನ ಅಧ್ಯಾಯವಿದೆ. ಎನ್‌ಸಿಬಿಎಸ್‌ನ ಸುಧೀರ್ ಕೃಷ್ಣ ಆರಿಸಿಕೊಂಡದ್ದು ಗರ್ಭಕೊರಳಿನ ಕ್ಯಾನ್ಸರ್. ಆಯ್ಕೆಯಲ್ಲಿ ಔಚಿತ್ಯವಿತ್ತು. ಭಾರತದ ಹೆಣ್ಣುಮಕ್ಕಳನ್ನು, ಅದರಲ್ಲೂ ಹಳ್ಳಿಯ ಬಡ ಹೆಣ್ಣುಮಕ್ಕಳನ್ನು ಕಾಡುವ ರೋಗ ಅದು. ಬಿಳಿಸೆರಗನ್ನೋ ಮುಟ್ಟು ನಿಂತ ಮೇಲಿನ ರಕ್ತಸ್ರಾವವನ್ನೋ ಯಾರಿಗೂ ಹೇಳದೆ ವರ್ಷ ಕಳೆದು, ರೋಗ ಬಲಿತ ಮೇಲೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿಗೋ ಬರುವವರ ಸಾಲು ಉತ್ತರ ಕರ್ನಾಟಕದ ಯಾವ ತಾಲೂಕಿಗೂ ಹೊಸದಲ್ಲ. ರೋಗದ ಮೂಲ ಎಚ್‌ಪಿವಿ ಎಂಬ ವೈರಸ್. ಅದರ ಇ6 ಎಂಬ ಪ್ರೋಟೀನು ಜೀವಕೋಶದ ಕಾವಲುಗಾರ ಪಿ53 ಅನ್ನು ನಾಶಮಾಡುತ್ತದೆ, ಇ7 ಎಂಬುದು ಕೋಶವಿಭಜನೆಯ ಬ್ರೇಕನ್ನು ಸಡಿಲಿಸುತ್ತದೆ. ಇಷ್ಟಾದರೂ ವೈರಸ್ ತಗುಲಿದ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಹೆಚ್ಚಿನವರಲ್ಲಿ ಸೋಂಕು ತಾನೇ ಹೋಗಿಬಿಡುತ್ತದೆ. ವೈರಸ್ಸಿಗೆ ಜೊತೆಗೂಡುವ ಇನ್ನೊಂದು ಕೈ ಯಾವುದು ಎಂಬುದು ಪ್ರಶ್ನೆಯಾಗಿತ್ತು. ಗರ್ಭಕೊರಳಿನ ಗಾಯಗಳಲ್ಲಿ ನಾಚ್‌ನ ಇರವು ಬದಲಾಗುತ್ತದೆಂದು 1995ರಲ್ಲಿ ಆರ್ಟವಾನಿಸ್-ತ್ಸಾಕೋನಾಸ್ ಅವರ ತಂಡ ವರದಿ ಮಾಡಿತ್ತು.

ಆ ಸುಳಿವನ್ನು ಹಿಡಿದು ಸುಧೀರ್ ಕೃಷ್ಣ ಅವರ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡಿದವರಲ್ಲಿ ಅನ್ನಪೂರ್ಣಿ ರಂಗರಾಜನ್ ಒಬ್ಬರು. ಚರ್ಮದಂಥ ಹೊದಿಕೆಯ ಜೀವಕೋಶಗಳನ್ನು ತಳದಿಂದ ಬಿಡಿಸಿದರೆ ಅವು ಸಾಯುತ್ತವೆ. ಜಾಗ ಬಿಟ್ಟ ಕೋಶ ಬೇರೆಡೆ ಬೇರೂರದಂತೆ ದೇಹ ಮಾಡಿಕೊಂಡ ಏರ್ಪಾಟು ಅದು. ಕ್ಯಾನ್ಸರ್ ಹರಡಬೇಕಾದರೆ ಮೊದಲು ಮೀರಬೇಕಾದ ಕಟ್ಟಳೆಯೂ ಅದೇ. ವೈರಸ್ಸಿನ ಇ6, ಇ7ಗಳ ಜೊತೆ ಎಚ್ಚರಗೊಂಡ ನಾಚ್1 ಸೇರಿದರೆ ಜೀವಕೋಶಗಳು ಕ್ಯಾನ್ಸರಿನ ಗುಣ ಪಡೆಯುತ್ತವೆ, ತಳದಿಂದ ಬಿಡಿಸಿದರೂ ಸಾಯದೆ ಉಳಿಯುತ್ತವೆ ಎಂದು ರಂಗರಾಜನ್, ಅಪೂರ್ವಾ ಸರಿನ್, ಸುಧೀರ್ ಕೃಷ್ಣ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ನಾಚ್ ಇಲ್ಲಿ ವೈರಸ್ಸಿನ ಪಾಲುಗಾರ.

ಅದೇ 2001ರಲ್ಲಿ ಅದೇ ರಂಗರಾಜನ್ ಅವರ ಹೆಸರನ್ನು ಮುಂದಿಟ್ಟುಕೊಂಡು ಇನ್ನೊಂದು ಲೇಖನ ಬಂತು. ಅಷ್ಟರಲ್ಲಿ ಅವರು ಬಾಸ್ಟನ್ನಿಗೆ ಹೋಗಿ, ಚರ್ಮದ ಜೀವಶಾಸ್ತ್ರದಲ್ಲಿ ಹೆಸರಾದ ಪಾವೊಲೊ ಡೊಟ್ಟೊ ಅವರ ಬಳಿ ಕೆಲಸ ಮಾಡುತ್ತಿದ್ದರು. ಚರ್ಮದ ತಳಪದರದ ಜೀವಕೋಶಗಳು ಒಡೆಯುತ್ತಿರುತ್ತವೆ. ಮೇಲಕ್ಕೆ ಏರಿದಂತೆ ಒಡೆಯುವುದನ್ನು ನಿಲ್ಲಿಸಿ, ಗಟ್ಟಿಯಾಗಿ, ಕೊನೆಗೆ ಹೊಟ್ಟಾಗಿ ಉದುರುತ್ತವೆ. ಇಲಿಯ ಚರ್ಮಕೋಶಗಳಲ್ಲಿ ನಾಚ್1 ಎಚ್ಚರಗೊಂಡರೆ ಪಿ21 ಎಂಬ ತಡೆ ಪ್ರೋಟೀನು ಏರುತ್ತದೆ, ಕೋಶವಿಭಜನೆ ನಿಲ್ಲುತ್ತದೆ, ಪಕ್ವತೆ ಶುರುವಾಗುತ್ತದೆ ಎಂಬುದು ಆ ಲೇಖನದ ತಿರುಳು. ಇಲ್ಲಿ ನಾಚ್ ಬೆಳವಣಿಗೆಗೆ ಕಡಿವಾಣ. ಎರಡು ವರ್ಷಗಳಲ್ಲಿ ಡೊಟ್ಟೊ ಮತ್ತು ಫ್ರೆಡ್ಡಿ ರಾಡ್ಟ್‌ಕೆ ಅವರ ತಂಡಗಳು ಇಲಿಯ ಚರ್ಮದಿಂದ ನಾಚ್1 ತೆಗೆದು ಹಾಕಿದಾಗ ಗಡ್ಡೆಗಳು ಎದ್ದವು.

ಒಂದೇ ವಂಶವಾಹಿ, ಒಂದೇ ವರ್ಷ, ಒಬ್ಬರದೇ ಹೆಸರು, ಎರಡು ತದ್ವಿರುದ್ಧ ಫಲಿತಾಂಶ. ಒಂದು ತಪ್ಪಾಗಿರಬೇಕು ಎಂದು ಓದುಗನಿಗೆ ಅನಿಸುವುದು ಸಹಜ, ಆಗ ಹಲವರಿಗೆ ಅನಿಸಿತ್ತು ಕೂಡ. 2002ರಲ್ಲಿ ಡೊಟ್ಟೊ ಅವರ ಗುಂಪು ಗರ್ಭಕೊರಳಿನ ಬಲಿತ ಕ್ಯಾನ್ಸರಿನಲ್ಲಿ ನಾಚ್1 ಕುಗ್ಗಿರುತ್ತದೆ, ವೈರಸ್ಸಿನ ಇ6, ಇ7 ಮುಂದುವರಿಯಲು ಆ ಕುಗ್ಗುವಿಕೆಯೇ ಬೇಕು ಎಂದು ಬರೆದಾಗ ಅದು ಬೆಂಗಳೂರಿನ ನಿಲುವಿಗೆ ನೇರವಾಗಿ ಎದುರು ನಿಂತಿತು. ಬೆಂಗಳೂರಿನ ತಂಡ ತನ್ನ ದಾರಿ ಬಿಡಲಿಲ್ಲ. 2011ರಲ್ಲಿ ಅದು ಗರ್ಭಕೊರಳಿನ ಗಡ್ಡೆಯ ಎಲ್ಲ ಕೋಶಗಳನ್ನೂ ಒಟ್ಟಾಗಿ ಅಳೆಯದೆ, ಸಿಡಿ66 ಎಂಬ ಗುರುತು ಹೊತ್ತ ಒಂದು ಉಪಗುಂಪನ್ನು ಬೇರ್ಪಡಿಸಿ ನೋಡಿತು. ರೋಗವನ್ನು ಮುನ್ನಡೆಸುತ್ತಿದ್ದ ಆ ಗುಂಪಿನಲ್ಲಿ ನಾಚ್ ಎಚ್ಚರವಾಗಿತ್ತು. ಇಡೀ ರಾಶಿಯನ್ನು ತೂಗಿದಾಗ ಸಿಗುವ ಉತ್ತರ ಬೇರೆ, ಕಾಳು ಬೇರ್ಪಡಿಸಿ ನೋಡಿದಾಗ ಸಿಗುವ ಉತ್ತರ ಬೇರೆ.

ವಾದಕ್ಕೆ ಗೆಲುವು ಸೋಲಿನ ತೀರ್ಪು ಬರಲಿಲ್ಲ. ಬಂದದ್ದು ಪ್ರಶ್ನೆಯನ್ನೇ ತಿದ್ದುವ ಉತ್ತರ. ಮನುಷ್ಯರ ಸ್ತನಕೋಶಗಳಲ್ಲಿ ನಾಚ್ ಕಡಿಮೆ ಪ್ರಮಾಣದಲ್ಲಿ ಎಚ್ಚರಗೊಂಡರೆ ಅವು ಹೆಚ್ಚುತ್ತವೆ, ಅತಿ ಪ್ರಮಾಣದಲ್ಲಾದರೆ ನಿಂತುಬಿಡುತ್ತವೆ ಎಂದು 2010ರಲ್ಲಿ ಒಂದು ಅಧ್ಯಯನ ತೋರಿಸಿತು. ಮುಕ್ಕಾದ ರೆಕ್ಕೆ ಹೇಳಿದ್ದ ಪ್ರಮಾಣದ ಮಾತೇ ಇದು. ಒಳತುಂಡು ಕೋಶಕೇಂದ್ರಕ್ಕೆ ಹೋಗದೆಯೂ ಕೆಲಸ ಮಾಡಬಲ್ಲದು, ಕೋಶದ ಹೊರವಲಯದಲ್ಲೇ ನಿಂತು ಅದನ್ನು ಸಾವಿನಿಂದ ಕಾಯಬಲ್ಲದು ಎಂದು ಅಪೂರ್ವಾ ಸರಿನ್ ಅವರ ತಂಡ ಬೆಂಗಳೂರಿನಿಂದಲೇ ತೋರಿಸಿತು. ರಂಗರಾಜನ್ ಊರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಕಿದ್ವಾಯಿಯ ರೋಗಶಾಸ್ತ್ರಜ್ಞೆ ರೇಖಾ ವಿ. ಕುಮಾರ್ ಅವರ ಜೊತೆಗೂಡಿ 2009ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಸ್ತನ ಕ್ಯಾನ್ಸರಿನಲ್ಲಿ ನಾಚ್ ಒಂಟಿಯಾಗಿ ನಡೆಯದೆ ರಾಸ್ ಎಂಬ ಇನ್ನೊಂದು ಬೆಳವಣಿಗೆಯ ದಾರಿಯೊಡನೆ ಕೈಜೋಡಿಸುತ್ತದೆ ಎಂಬುದು ಕಂಡುಬಂತು. ಕ್ಯಾನ್ಸರ್ ವಂಶವಾಹಿಗಳನ್ನು 'ಹುರಿದುಂಬಿಸುವವು', 'ತಡೆಯುವವು' ಎಂದು ಎರಡು ಪಂಗಡ ಮಾಡಿ ಪಾಠ ಹೇಳುವ ಪದ್ಧತಿಯಲ್ಲಿ ನಾಚ್‌ಗೆ ಖಾಯಂ ಜಾಗವಿಲ್ಲ. ರಕ್ತದಲ್ಲಿ ಅದು ಮೊದಲ ಪಂಗಡ, ಚರ್ಮದಲ್ಲಿ ಎರಡನೆಯದು. ಗರ್ಭಕೊರಳಿನಲ್ಲಿ ಹಂತ, ಪ್ರಮಾಣ, ಜೊತೆಗಾರರನ್ನು ನೋಡಿ ಹೇಳಬೇಕು.

ಬಾಯಿಯ ಕ್ಯಾನ್ಸರಿನಲ್ಲಿ ಚಿತ್ರ ಚರ್ಮದ ಕಡೆಗೇ ವಾಲುತ್ತದೆ. ಅಮೆರಿಕದ ಎರಡು ತಂಡಗಳು 2011ರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರುಗಳ ಡಿಎನ್ಎ ಓದಿದಾಗ ಹಲವು ರೋಗಿಗಳಲ್ಲಿ ನಾಚ್1 ಕೆಟ್ಟು ಸುಮ್ಮನಾಗಿತ್ತು. ಭಾರತದಲ್ಲಿ ಈ ರೋಗ ಹೆಚ್ಚಾಗಿ ಏಳುವುದು ದವಡೆ ಮತ್ತು ಕೆನ್ನೆಯ ಒಳಬದಿಯಲ್ಲಿ. ಸುಣ್ಣ ತಂಬಾಕನ್ನು ಅಂಗೈಯಲ್ಲಿ ತಿಕ್ಕಿ ಇಟ್ಟುಕೊಳ್ಳುವ, ಗುಟ್ಕಾ ಒತ್ತರಿಸುವ ಜಾಗವೇ ಅದು. ಪಶ್ಚಿಮ ಬಂಗಾಳದ ಕಲ್ಯಾಣಿಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ಮುಂಬೈಯ ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ ಆಕ್ಟ್ರೆಕ್ ಕೂಡಿ 2013ರಲ್ಲಿ ಇಂಥ 110 ರೋಗಿಗಳ ಗಡ್ಡೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಪಟ್ಟಿಯಲ್ಲಿ ಪಿ53, ಎಫ್ಎಟಿ1, ಕ್ಯಾಸ್ಪೇಸ್8ಗಳ ಜೊತೆ ನಾಚ್1 ಕೂಡ ಇತ್ತು. ನೊಣದ ರೆಕ್ಕೆಯಲ್ಲಿ ಹೆಸರು ಪಡೆದ ವಂಶವಾಹಿ ಉತ್ತರ ಕರ್ನಾಟಕದ ಸಂತೆಗಳಲ್ಲಿ ದಿನಾ ಕಾಣುವ ಚಟದ ಫಲದಲ್ಲಿ ಸಿಕ್ಕಿದ್ದು ಹೀಗೆ.

ಔಷಧಿ ಮಾಡುವವರಿಗೆ ಈ ಎರಡು ಮುಖಗಳು ಬಹಳ ತುಟ್ಟಿಯಾದವು. ನಾಚ್ ಅನ್ನು ಕಡಿಯುವ ಗ್ಯಾಮಾ ಸೆಕ್ರಿಟೇಸ್ ಕತ್ತರಿಯೇ ಮೆದುಳಿನಲ್ಲಿ ಆಲ್ಝೈಮರ್ ಮರೆವಿನ ರೋಗಕ್ಕೆ ಸಂಬಂಧಿಸಿದ ತುಣುಕುಗಳನ್ನೂ ಕಡಿಯುತ್ತದೆ. ಅದನ್ನು ಮೊಂಡಾಗಿಸುವ ಸೆಮಗಾಸೆಸ್ಟ್ಯಾಟ್ ಎಂಬ ಗುಳಿಗೆಯನ್ನು ಮರೆವಿನ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. ಮರೆವು ತಗ್ಗಲಿಲ್ಲ, ಚರ್ಮದ ಕ್ಯಾನ್ಸರ್ ಹೆಚ್ಚಿತು. 2010ರಲ್ಲಿ ಪರೀಕ್ಷೆ ನಿಲ್ಲಿಸಬೇಕಾಯಿತು. ಇಲಿಯ ಚರ್ಮ ಏಳು ವರ್ಷ ಮೊದಲೇ ಹೇಳಿದ್ದನ್ನು ಮನುಷ್ಯರ ಚರ್ಮ ಮತ್ತೊಮ್ಮೆ ಹೇಳಿದಂತಾಯಿತು. ರಕ್ತಕ್ಯಾನ್ಸರಿಗೆ ಇದೇ ಜಾತಿಯ ಔಷಧಿ ಕೊಟ್ಟಾಗ ತಡೆಯಾದದ್ದು ಕರುಳು. ಕರುಳಿನ ಒಳಪದರದ ಆಕರಕೋಶಗಳು ತಾವಾಗಿ ಉಳಿಯಲು ನಾಚ್ ಬೇಕು. ಅದು ಅಡಗಿದರೆ ಅವು ಲೋಳೆ ಸ್ರವಿಸುವ ಕೋಶಗಳಾಗಿ ಮಾರ್ಪಟ್ಟು ರೋಗಿಗೆ ನಿಲ್ಲದ ಭೇದಿ ಹತ್ತುತ್ತದೆ. ಔಷಧಿಯನ್ನು ಬಿಟ್ಟುಬಿಟ್ಟು ಕೊಡುವ ಕ್ರಮಗಳು ಬಂದವು. ಕೊನೆಗೆ 2023ರ ನವೆಂಬರಿನಲ್ಲಿ ನಿರೋಗಾಸೆಸ್ಟ್ಯಾಟ್ ಎಂಬ ಗ್ಯಾಮಾ ಸೆಕ್ರಿಟೇಸ್ ತಡೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ರಕ್ತಕ್ಯಾನ್ಸರಿಗಲ್ಲ, ಡೆಸ್ಮಾಯ್ಡ್ ಎಂಬ ಅಪರೂಪದ ಗಡ್ಡೆಗೆ.

ಇತ್ತೀಚಿನ ಅಚ್ಚರಿ ಗಂಟಲಿನ ಕೆಳಗಿನದು. 2018ರಲ್ಲಿ ಬ್ರಿಟನ್ನಿನ ಸಂಶೋಧಕರು ಯಾವ ರೋಗವೂ ಇಲ್ಲದವರ ಅನ್ನನಾಳದ ಒಳಪದರವನ್ನು ಚೂರುಚೂರಾಗಿ ಓದಿದರು. ವಯಸ್ಸಾದಂತೆ ಆ ಪದರದ ದೊಡ್ಡ ಪಾಲನ್ನು ನಾಚ್1 ಕೆಟ್ಟ ಜೀವಕೋಶಗಳೇ ಆಕ್ರಮಿಸಿಕೊಂಡಿದ್ದವು. ಚರ್ಮದ ಪಾಠ ನಂಬಿದವರು ಇದನ್ನು ಕ್ಯಾನ್ಸರಿನ ಮುನ್ಸೂಚನೆ ಎನ್ನಬೇಕು. ಆದರೆ ಅನ್ನನಾಳದ ಕ್ಯಾನ್ಸರಿನಲ್ಲಿ ನಾಚ್1 ಕೆಡುವುದು ಆರೋಗ್ಯವಂತ ಅನ್ನನಾಳದಲ್ಲಿ ಕೆಡುವುದಕ್ಕಿಂತ ಕಡಿಮೆ. 2023ರಲ್ಲಿ ಇಲಿಗಳ ಮೇಲಿನ ಪ್ರಯೋಗ ಕಾರಣದ ಹತ್ತಿರಕ್ಕೆ ಬಂತು: ನಾಚ್1 ಕಳೆದುಕೊಂಡ ಕೋಶಗಳು ನೆರೆಯವನ್ನು ತಳ್ಳಿ ಹರಡುತ್ತವೆ, ಆದರೆ ಗಡ್ಡೆ ಕಟ್ಟುವ ಸರದಿ ಬಂದಾಗ ನಾಚ್1 ಇಲ್ಲದ ಗಡ್ಡೆಗಳು ಚಿಕ್ಕದಾಗಿಯೇ ಉಳಿದವು.